ಕೆರೆಗೆ ಉಪಗ್ರಹ ಸಾಕು ಎಂದವನು

"ರೀ! ಅದನ್ನ ಇಳಿಸ್ರೀ ಮೊದ್ಲು! ಕೆರೆ ಹತ್ರ ಆನೆ ಇದೆ!"

ಕಾಫಿ ಗಿಡಗಳ ನಡುವೆ ಓಡಿಬಂದ ರಶ್ಮಿತಾ ಏದುಸಿರು ಬಿಡುತ್ತಾ ಕೂಗಿದಳು. ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಡ್ರೋನನ್ನು ಆ ಯುವಕ ಮೆಲ್ಲಗೆ ಇಳಿಸಿದ.

"ಸಾರಿ ಮೇಡಂ... ನಾನು ಶಶಿಧರ, ಶಿರಂಗಾಲದವನು. ಲಿಡಾರ್ ಸರ್ವೆಗೆ ನೀವೇ ಕರೆಸಿದ್ದು!"

'ಅಯ್ಯೋ, ಇವನಾ!' ಅವಳ ಸಿಟ್ಟು ಎಲ್ಲಿ ಹೋಯಿತೋ...

ತಿತಿಮತಿಯ ತೋಟಗಳಲ್ಲಿ ದುಡಿಯುವವರಿಗೆ ಆನೆ ಬರುವ ಜಾಗವನ್ನು ಮೊದಲೇ ತಿಳಿಸುವ ಆ್ಯಪ್ ಅವಳದು. ಬೇಸಿಗೆಯಲ್ಲಿ ಆನೆಗಳು ನೀರಿರುವ ಕೆರೆಯನ್ನೇ ಹುಡುಕಿ ಬರುತ್ತವೆ. ಆ ಕೆರೆಗಳನ್ನು ಉಪಗ್ರಹದ ಚಿತ್ರದಿಂದ ನೋಡಬೇಕೋ, ಡ್ರೋನಿನಿಂದ ಲೇಸರ್ ಬೆಳಕು ಬಿಟ್ಟು ನೆಲ ಅಳೆಯುವ ಲಿಡಾರ್‌ನಿಂದಲೋ? ಪೊನ್ನಂಪೇಟೆಯ ಸಭೆಯಲ್ಲಿ ತೋಟದ ಮಾಲೀಕರಿಗೆ ಉತ್ತರ ಹೇಳಬೇಕಿತ್ತು. ಆಯ್ಕೆ ತಪ್ಪಿದರೆ, ಮೆಣಸು ಕೊಯ್ಯುವ ಬೊಳ್ಳಮ್ಮನಂಥವರು ಆನೆಯ ಎದುರಿಗೇ ಹೋಗಿ ನಿಲ್ಲಬೇಕಾಗುತ್ತಿತ್ತು.

"ಇಷ್ಟು ಎಲೆ ದಾಟಿ ನಿಮ್ಮ ಲೇಸರ್ ನೆಲ ಹೇಗೆ ಮುಟ್ಟುತ್ತೆ?"

ಅವನು ಮರದ ನೆರಳಲ್ಲಿ ಬಿದ್ದಿದ್ದ ಬಿಸಿಲಿನ ಚುಕ್ಕಿಗಳನ್ನು ತೋರಿಸಿದ. "ಇದು ಹೇಗೆ ಬಿತ್ತು? ಎಲೆ ಸಂದೀಲಿ ನುಸುಳ್ಕೊಂಡು! ನಂದೂ ಹಾಗೇ. ಬೆಳಕು ಹೋಗಿ ವಾಪಸ್ ಬರೋ ಹೊತ್ತು ಅಳೆದ್ರೆ ನೆಲದ ಉಬ್ಬು ತಗ್ಗು ಗೊತ್ತಾಗುತ್ತೆ."

"ಉಪಗ್ರಹಕ್ಕೆ?"

"ಮರದ ತಲೆ ಮಾತ್ರ. ಆದ್ರೆ ಅದು ಮತ್ತೆ ಮತ್ತೆ ಬಂದು ನೋಡುತ್ತಲ್ಲ!"

ಆಮೇಲೆ ದಿನಕ್ಕೊಂದು ಹೊಸ ಪ್ರಶ್ನೆ. ಬೊಳ್ಳಮ್ಮ ಸುಮ್ಮನಿರುತ್ತಾಳೆಯೇ?

"ಏನ್ ಮಗಾ, ನಿನ್ ಡೌಟು ಮುಗಿಯೋದೇ ಇಲ್ವಾ? ಮುಗಿದ್ರೆ ಹುಡ್ಗ ಹೊರಟೋಗ್ತಾನೆ ಅಂತಾನಾ?"

"ಥೂ, ಹೋಗಮ್ಮಾ ನೀನು!"

ಸಭೆಯ ದಿನ ರಶ್ಮಿತಾ ಎದ್ದು, "ಲಿಡಾರೇ ಇರ್ಲಿ," ಎಂದಳು.

"ಬೇಡ," ಎಂದ ಶಶಿಧರ! "ಲಿಡಾರ್ ನೆಲ ತೋರಿಸುತ್ತೆ. ನೆಲ ಅಷ್ಟು ಬೇಗ ಬದಲಾಗಲ್ಲ. ನಿಮಗೆ ಬೇಕಿರೋದು ಈ ವಾರ ಯಾವ ಕೆರೇಲಿ ನೀರಿದೆ ಅನ್ನೋದು. ಕೆರೆ ಮೇಲೆ ಮರ ಇಲ್ಲ, ಬೇಸಿಗೇಲಿ ಮೋಡಾನೂ ಕಮ್ಮಿ. ಉಪಗ್ರಹ ಸಾಕು."

ಮಾಲೀಕರು ತಲೆದೂಗಿದರು. ಅವಳು ಅವನನ್ನೇ ನೋಡಿದಳು. 'ನನ್ನ ಜೊತೆ ಇರೋದು ಇವನಿಗೆ ಅಷ್ಟು ಬೇಡವಾಯ್ತಾ...?'

ಹೊರಗೆ ಜೀಪಿನ ಬಳಿ ಅವನನ್ನು ತಡೆದಳು. "ಅಷ್ಟು ಬೇಗ ಹೋಗ್ಬೇಕಿತ್ತಾ ನಿಮ್ಗೆ?"

ಅವನ ಕೈ ಡ್ರೋನ್ ಪೆಟ್ಟಿಗೆಯ ಮೇಲೇ ನಿಂತಿತು.

"ಲಿಡಾರ್ ಅಂದಿದ್ರೆ ಮಳೆ ಶುರುವಾಗೋ ತನಕ ಇಲ್ಲೇ ಇರ್ತಿದ್ದೆ ರಶ್ಮಿತಾ. ನಂಗೂ ಅದೇ ಬೇಕಿತ್ತು. ಆದ್ರೆ ನನ್ನ ಆಸೆಗೆ ಬೊಳ್ಳಮ್ಮನ್ನ ಆನೆ ಕಾಲಡಿಗೆ ಕಳ್ಸೋದಾ?"

ಅವಳ ಮುಖ ಬಿಸಿಯಾಯಿತು.

"ನಾನು... ನಾನು ಅದನ್ನೇ ಮಾಡೋಕೆ ಹೊರಟಿದ್ದೆ! ಕೆರೆಗೆ ಉಪಗ್ರಹವೇ ಸರಿ ಅಂತ ಗೊತ್ತಿತ್ತು. ಆದ್ರೂ..."

"ಆದ್ರೂ?"

"ನೀವಿರ್ಲಿ ಅಂತ ಲಿಡಾರ್ ಅಂದೆ!"

ಅವನು ನಕ್ಕುಬಿಟ್ಟ. ಒದ್ದೆಗಣ್ಣಲ್ಲೇ ಅವಳೂ ನಕ್ಕಳು.

"ಹಂಗಾದ್ರೆ ಇನ್ಮೇಲೆ ತಿತಿಮತೀಲಿ ನಂಗೇನು ಕೆಲ್ಸ?"

"ಕೆಲ್ಸ ಯಾಕೆ ಬೇಕು? ಭಾನುವಾರ ಮನೆಗೆ ಬನ್ನಿ. ನಮ್ಮಮ್ಮನ ಹತ್ರ ಮಾತಾಡಿ."

"ಏನಂತ ಹೇಳ್ಲಿ?"

"ನಿಜ ಹೇಳಿ," ಎಂದು ಅವನ ಕೈ ಹಿಡಿದಳು ರಶ್ಮಿತಾ. "ಅದು ನಿಮಗೆ ಚೆನ್ನಾಗಿ ಬರುತ್ತೆ... ನಂಗಿಂತ!"