ಬೇಗ ಮುಗಿಯಬಾರದ ಫೈಲ್

ಕೆಲಸ ಬೇಗ ಮುಗಿದುಬಿಟ್ಟರೆ ಎಂಬ ಭಯ ಯಾರಿಗಾದರೂ ಇರುತ್ತದೆಯೇ? ನನಗಿತ್ತು. ಅಕ್ಕನಿಗೂ ಹೇಳಿರಲಿಲ್ಲ, ಅವಳ ಕಿವಿಗೆ ಬಿದ್ದರೆ ಊರಿಗೇ ಡಂಗುರ.

ಹಕ್ಕಿಗಳ ಕೂಗನ್ನು ರೆಕಾರ್ಡ್ ಮಾಡಿ ಕೂಡಿಡುವ ಪುಟ್ಟ ಆಫೀಸು ನಮ್ಮದು. ಕಂಪ್ಯೂಟರಿನಲ್ಲೊಂದು ಮುಗಿಯದಷ್ಟು ಉದ್ದದ ಫೈಲು. ಪ್ರತಿ ಸಾಲಿನಲ್ಲೂ ಮೊದಲು ತಾರೀಖು, ಆಮೇಲೆ ಜಾಗ, ಕೊನೆಗೆ ಹಕ್ಕಿಯ ಹೆಸರು. ಆ ಹೆಸರನ್ನು ಸಾಲಿನ ಮೊದಲಿಗೆ ತರುವುದು ನನ್ನ ಪಾಲಿನ ಕೆಲಸ. ಫೈಲು ಸರಿಯಾದ ಮೇಲೆ ಅದನ್ನು ಹೊಸ ಸಿಸ್ಟಮ್ಮಿಗೆ ಸೇರಿಸಿ, ಬೇರೆ ಊರಿನ ಕೆಲಸಕ್ಕೆ ಹೊರಡುವವರು ಇದಕ್ಕೆಂದೇ ಬಂದಿರುವ ಕಂಪ್ಯೂಟರ್ ಎಂಜಿನಿಯರು. ಎಲ್ಲರೂ ಅವರನ್ನು ಕರೆಯುವುದು ‘ಶಾರ್ಟ್‌ಕಟ್’ ಎಂದು.

ಹಾಗಾಗಿಯೇ ನಾನು ಒಂದೊಂದೇ ಹೆಸರನ್ನು ಕತ್ತರಿಸಿ ಅಂಟಿಸುತ್ತ, ಆಮೆಗೂ ನಾಚಿಕೆಯಾಗುವಂತೆ ತೆವಳುತ್ತಿದ್ದೆ.

ಇವತ್ತು ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಅಂಗಿಯ ಒಂದು ತೋಳು ಮೊಣಕೈವರೆಗೆ ಮಡಚಿತ್ತು. ಇನ್ನೊಂದನ್ನು ಮಡಚಲು ಮರೆತಿದ್ದರು.

“ಹೀಗೇ ಮಾಡ್ತಿದ್ರೆ ಹಕ್ಕಿಗಳೇ ಬೇಜಾರಾಗಿ ಬಂದು ಟೈಪ್ ಮಾಡ್ತವೆ, ಮೇಡಂ. ಮ್ಯಾಕ್ರೋ ಅಂತ ಒಂದಿದೆ. ರೆಕಾರ್ಡ್ ಒತ್ತಿ, ಒಂದು ಸಾಲು ಸರಿಮಾಡಿ, ನಿಲ್ಲಿಸಿ. ನಿಮ್ಮ ಬೆರಳು ಏನೇನು ಮಾಡ್ತೋ ಅದನ್ನೇ ಉಳಿದ ಸಾಲಿಗೂ ಮಾಡುತ್ತೆ. ಎಲ್ಲಿ, ಮಾಡಿ ನೋಡೋಣ.”

ಪರದೆ ನೋಡುತ್ತಾರೆಂದುಕೊಂಡೆ. ಅವರು ನೋಡುತ್ತಿದ್ದದ್ದು ನನ್ನ ಬೆರಳುಗಳನ್ನು. ಆ ಗಾಬರಿಯಲ್ಲಿ ನಟಿಸುವುದೇ ಮರೆತುಹೋಯಿತು. ರೆಕಾರ್ಡ್ ಒತ್ತಿ, ಕೊನೆಯ ಹೆಸರು ಕತ್ತರಿಸಿ, ಮೊದಲಿಗೆ ಅಂಟಿಸಿ, ಕೆಳಗಿನ ಸಾಲಿಗಿಳಿದು, ಅದರ ಆರಂಭಕ್ಕೆ ಬಂದು ನಿಲ್ಲಿಸಿದೆ.

ಅವರು ಪರದೆಯತ್ತ ತಿರುಗಿದರು.

“ಕೆಳಗಿನ ಸಾಲಿಗೆ ಇಳಿಯೋದನ್ನ ಹೊಸಬರು ಮರೀತಾರೆ. ಆಮೇಲೆ ಅದು ಅದೇ ಸಾಲನ್ನ ಕಲಸ್ತಾ ಕೂತಿರುತ್ತೆ. ನಾನೂ ಮರೆತಿದ್ದೆ. ನಿಮಗಿದು ಮೊದಲೇ ಗೊತ್ತಿತ್ತು.”

“ಕಾಲೇಜಲ್ಲಿ ಕಲಿತಿದ್ದೆ.”

“ಮತ್ತೆ ಇಷ್ಟು ದಿನ ಯಾಕೆ ಕೈಯಲ್ಲಿ?”

ಕೋಪವಿರಲಿಲ್ಲ. ಬಿಚ್ಚಿಟ್ಟ ಗಡಿಯಾರದೊಳಗೆ ಇಣುಕುವವರ ಕುತೂಹಲ, ಅಷ್ಟೇ. ನನಗೂ ಒಂದು ಕುತೂಹಲ ಹುಟ್ಟಿತು.

“ನೀವ್ಯಾಕೆ ಮೊದಲ ದಿನವೇ ಹೇಳಿಕೊಡ್ಲಿಲ್ಲ?”

“ನಾನು ಕೇಳಿದ್ದು ಮೊದಲು,” ಅಂದರು. ಕಿವಿ ಮಾತ್ರ ಕೆಂಪಾಗಿತ್ತು. “ಪ್ಲೇ ಒತ್ತಲಾ? ಟೀ ಕುಡಿದು ಬರೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ.”

ಅವರ ಬೆರಳು ಕೀಲಿಯ ಮೇಲೆ ಹೋಯಿತು. ಅದನ್ನು ಹಿಡಿದು ನಿಲ್ಲಿಸಿದ್ದು ನನ್ನದೇ ಕೈ ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು.

“ಮುಗಿದ್ರೆ ನೀವು ಹೋಗ್ತೀರಿ,” ಅಂದೆ. “ನನಗೆ ನೀವು ಇಲ್ಲಿರಬೇಕು.”