ಗುರುವಾರದ ಹಸಿರು ಗುರುತು

ಜನವರಿ 15, ಬುಧವಾರ, ಬೆಳಿಗ್ಗೆ 6.40. ಇನ್ಸ್‌ಪೆಕ್ಟರ್ ದಾಕ್ಷಾಯಣಿ ವಿದ್ಯಾನಗರದ ತನ್ನ ಮನೆಯ ಅಡುಗೆಕಟ್ಟೆಗೆ ಒರಗಿ ನಿಂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ಸಂಕ್ರಾಂತಿಯ ದಿನವೆಲ್ಲ ಬಂದೋಬಸ್ತಿನಲ್ಲಿ ಕಳೆದವಳು ಮನೆಯವರಿಗೆ ಸಲ್ಲಿಸುವ ತಪ್ಪುಕಾಣಿಕೆ ಅದು. ಅರ್ಧ ಬೋಗುಣಿ ಆಗಿತ್ತು, ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕೈಯೆಲ್ಲ ಲೋಳೆ. ಮೊಣಕೈಯಲ್ಲೇ ಸ್ಪೀಕರ್ ಒತ್ತಿದಳು.

"ಮೇಡಂ, ವೀರೇಂದ್ರ." ಠಾಣೆಯ ಹೆಡ್ ಕಾನ್‌ಸ್ಟೇಬಲ್. "ಡಯಾಲಿಸಿಸ್ ಸೆಂಟರ್ ವಿಷಯ. ರಾತ್ರಿ ಮೂರನೇ ಪೇಷಂಟೂ ಹೋದ್ರಂತೆ. ಟ್ರಸ್ಟಿನ ಆಡಳಿತಾಧಿಕಾರಿ ದೂರು ಬರ್ಕೊಂಡು ಬಂದು ಕೂತಿದಾರೆ."

"ಯಾರ ಮೇಲೆ?"

"ಅವರದೇ ಅಕೌಂಟ್ಸ್ ಆಫೀಸರ್ ಮೇಲೆ."

ಸಿಪ್ಪೆಯ ರಾಶಿಯನ್ನೂ ಬೇಳೆಯನ್ನೂ ಹಾಗೇ ಬಿಟ್ಟು ಅವಳು ಸಮವಸ್ತ್ರ ಹಾಕಿಕೊಂಡಳು. 8.05ಕ್ಕೆ ಭದ್ರಾವತಿಯ ಠಾಣೆಯಲ್ಲಿದ್ದಳು.

ದೂರುದಾರಳ ಹೆಸರು ಪ್ರಿಯದರ್ಶಿನಿ. ವಯಸ್ಸು ಮೂವತ್ತೆಂಟು, ಮನೆ ಶಿವಮೊಗ್ಗದ ಗೋಪಾಳದಲ್ಲಿ. ಅವಳು ಕೆಲಸ ಮಾಡುವ ಟ್ರಸ್ಟಿನ ಕಚೇರಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಡಯಾಲಿಸಿಸ್ ಸೆಂಟರ್ ಭದ್ರಾವತಿಯಲ್ಲಿ. ದೂರು ಅಚ್ಚುಕಟ್ಟಾಗಿತ್ತು. ಟ್ರಸ್ಟಿನಲ್ಲಿ ಗುತ್ತಿಗೆಗಳಿಗೆ ಒಂದು ಸಾಫ್ಟ್‌ವೇರ್, ಹಣಕಾಸಿಗೆ ಇನ್ನೊಂದು. ಈವರೆಗೆ ಒಂದರಿಂದ ಇನ್ನೊಂದಕ್ಕೆ ಫೈಲ್ ಹೊತ್ತು ಜನ ಮೆಟ್ಟಿಲು ಹತ್ತುತ್ತಿದ್ದರು. ಜನವರಿ 9ರಂದು ಎರಡನ್ನೂ ಜೋಡಿಸಲಾಗಿದೆ. ಗುತ್ತಿಗೆಯ ಕೆಲಸ ಮುಗಿದಿದೆ ಎಂದು ಅಕೌಂಟ್ಸ್ ಆಫೀಸರ್ ಒಂದು ಹಸಿರು ಗುರುತು ಒತ್ತಿದರೆ ಗುತ್ತಿಗೆದಾರನಿಗೆ ಹಣ ತಾನಾಗಿಯೇ ಹೋಗುತ್ತದೆ, ಸೆಂಟರಿನ ಪರದೆಯ ಮೇಲೂ ಹಸಿರು ಮೂಡುತ್ತದೆ. ನೀರಿನ ಫಿಲ್ಟರ್ ಬದಲಾಗದಿದ್ದರೂ ಲಕ್ಷ್ಮೀಕಾಂತ ಎಂಬುವರು ಆ ಗುರುತು ಒತ್ತಿದ್ದಾರೆ. ಅದರಿಂದ ಮೂವರು ಸತ್ತಿದ್ದಾರೆ.

ಹೊರಗಿನ ಬೆಂಚಿನ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಶಾಲೆಯ ಸಮವಸ್ತ್ರದಲ್ಲಿ ಕೂತಿದ್ದಳು. ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣ. ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಜಯಾ ಟೀಚರ್‌ಗೆ' ಎಂದು ಬರೆದಿತ್ತು.

"ನನ್ನ ಮಗಳು, ಶ್ರೀಗೌರಿ," ಎಂದಳು ಪ್ರಿಯದರ್ಶಿನಿ. "ಸತ್ತವರಲ್ಲಿ ಒಬ್ಬರು ಇವಳ ಟ್ಯೂಷನ್ ಟೀಚರ್. ಸೆಂಟರಲ್ಲಿ ಅವರ ಡಯಾಲಿಸಿಸ್‌ಗೆ ಪಾಳಿ ಕೊಡಿಸಿದ್ದೂ ನಾನೇ. ಶನಿವಾರ ಅವರು ಹೋದಾಗಿಂದ ಇವಳು ಮಾತೇ ಆಡ್ತಿಲ್ಲ. ಶಾಲೆಗೆ ಹೊರಡಿಸಿದ್ರೂ ಹೋಗ್ತಿಲ್ಲ."

ದಾಕ್ಷಾಯಣಿ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಏನಾದ್ರೂ ಹೇಳ್ಬೇಕಾ ಪುಟ್ಟಿ?"

ಹುಡುಗಿ ಬಾಯಿ ತೆರೆದಳು. ತಾಯಿ ಕಾರಿನ ಬೀಗದಕೈ ಎತ್ತಿಕೊಂಡ ಸದ್ದಿಗೆ ಮತ್ತೆ ಮುಚ್ಚಿದಳು.

9.10ಕ್ಕೆ ಎಫ್‌ಐಆರ್ ದಾಖಲಾಯಿತು. 11.20ಕ್ಕೆ ಸೆಂಟರಿನ ಮಹಡಿಯಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ. ಫಿಲ್ಟರ್ ಎಂದರೆ ಆಳೆತ್ತರದ ತೊಟ್ಟಿ, ಅದರಲ್ಲಿ ನೀರಿನ ಕ್ಲೋರಿನ್ ಹೀರುವ ಇದ್ದಿಲು ತುಂಬಿರುತ್ತದೆ. ಆ ಇದ್ದಿಲು ಸತ್ತರೆ ಕ್ಲೋರಿನ್ ನೇರ ರೋಗಿಯ ರಕ್ತಕ್ಕೆ ಇಳಿಯುತ್ತದೆ. ಟೆಕ್ನಿಷಿಯನ್ ಗಣೇಶ್ ಗೋಡೆಗೆ ಅಂಟಿಕೊಂಡು ನಿಂತಿದ್ದ.

"ಇದ್ದಿಲು ಮುಗಿದಿದ್ದು ಯಾವಾಗ?"

"ಆರನೇ ತಾರೀಕು ಮೇಡಂ. ಅವತ್ತೇ ಮಷಿನ್ ನಿಲ್ಲಿಸಿ ಟ್ರಸ್ಟಿಗೆ ಪತ್ರ ಬರೆದೆ. ಹಳೇ ಬಿಲ್ ಕೊಡೋವರೆಗೆ ಫಿಲ್ಟರ್ ಹಾಕಲ್ಲ ಅಂತ ಗುತ್ತಿಗೆದಾರ, ಹಾಕೋವರೆಗೆ ಬಿಲ್ ಕೊಡಲ್ಲ ಅಂತ ಲಕ್ಷ್ಮೀಕಾಂತ ಸರ್. ಒಂಬತ್ತನೇ ತಾರೀಕು ಪರದೆ ಮೇಲೆ ಹಸಿರು ಬಂತು. ಹನ್ನೊಂದಕ್ಕೆ, ಶನಿವಾರ, ಪೇಷಂಟ್‌ಗಳನ್ನ ಕರೆದೆ."

"ತೊಟ್ಟಿ ತೆಗೆದು ನೋಡ್ಲಿಲ್ವಾ?"

"ಸೀಲ್ ಇರುತ್ತೆ. ಹೊರಗಿಂದ ಹಳೇದು ಹೊಸದು ಒಂದೇ ಥರ."

ದಾಕ್ಷಾಯಣಿ ರಿಜಿಸ್ಟರ್ ತಿರುವಿದಳು. ಶನಿವಾರ ಬೆಳಿಗ್ಗೆ 5.30. ನೀರಿನ ಪರೀಕ್ಷೆ: ಸರಿ ಇದೆ. "ಇದು ನಿನ್ನ ಅಕ್ಷರ ತಾನೆ? ಪರೀಕ್ಷೆ ಮಾಡಿದ್ಯಾ?"

"ನೀರು ಪರೀಕ್ಷೆ ಮಾಡೋ ಸ್ಟ್ರಿಪ್ ಖಾಲಿಯಾಗಿತ್ತು ಮೇಡಂ. ಹಸಿರು ಬಂದಿತ್ತಲ್ಲ ಅಂತ..." ಅವನು ಮುಖ ಮುಚ್ಚಿಕೊಂಡ. "ಜಯಾ ಟೀಚರ್ ಕೂಗಾಡ್ಲೂ ಇಲ್ಲ. ಬೆನ್ನು ಉರೀತಿದೆ ಗಣೇಶ, ಸ್ವಲ್ಪ ನಿಲ್ಸು ಅಂದ್ರು. ಇನ್ನರ್ಧ ಗಂಟೆ, ತಡ್ಕೊಳ್ಳಿ ಟೀಚರ್ ಅಂದೆ. ಆಮೇಲೆ ನೋಡಿದ್ರೆ ಕೊಳವೆಲಿ ರಕ್ತ ದ್ರಾಕ್ಷಿ ರಸದ ಥರ ಆಗಿತ್ತು."

ಪಂಚರಲ್ಲಿ ಒಬ್ಬ ಮೆಟ್ಟಿಲ ಕಡೆ ಹೋಗಿ ನಿಂತ. ರಿಜಿಸ್ಟರನ್ನು ಜಪ್ತಿ ಮಾಡಲಾಯಿತು. ಗಣೇಶನ ಹೆಸರೂ ಆರೋಪಿಗಳ ಪಟ್ಟಿಗೆ ಸೇರಿತು.

ಜನವರಿ 16, ಗುರುವಾರ, ಮಧ್ಯಾಹ್ನ 1.15. ಲಕ್ಷ್ಮೀಕಾಂತರನ್ನು ಠಾಣೆಗೆ ಕರೆತಂದರು. ಐವತ್ತೇಳರ ಸಣಕಲು ಮನುಷ್ಯ. ಜೀಪಿನಿಂದ ಇಳಿಯುತ್ತಿದ್ದಂತೆ ಜಯಾ ಟೀಚರ್ ಗಂಡ ಶಂಕರನಾರಾಯಣ ಅಡ್ಡ ಬಂದು ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿ ಬಿತ್ತು. ಪೊಲೀಸರು ಹಿಡಿಯುವುದರೊಳಗೆ ಇನ್ನೆರಡು ಬಿದ್ದವು. ಲಕ್ಷ್ಮೀಕಾಂತರು ಕೈಯಾಡಿಸಿ ಕನ್ನಡಕ ಹುಡುಕಿದರು. ಅದು ಕಾಲ ಬಳಿಯೇ ಇತ್ತು. ಯಾರೂ ಎತ್ತಿಕೊಡಲಿಲ್ಲ, ದಾಕ್ಷಾಯಣಿಯೂ.

"ಒಂಬತ್ತನೇ ತಾರೀಕು ಎರಡು ಗಂಟೆ ಹತ್ತು ನಿಮಿಷಕ್ಕೆ ಗುರುತು ಒತ್ತಿದ್ದು ನೀವು ತಾನೆ?"

"ಅಲ್ಲ."

"ನಿಮ್ಮ ಹೆಸರಲ್ಲೇ ಬಿದ್ದಿದೆ."

"ಹೆಸರು ನಂದು. ಒತ್ತಿದ್ದು ನಾನಲ್ಲ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಅದನ್ನ ಹಾಕ್ಕೊಟ್ಟೋರಿಗೆ. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ. ಪ್ರಿಯದರ್ಶಿನಿ ಮೇಡಮ್ಮೇ ಮಾಡ್ಕೊಟ್ಟಿದ್ರು."

"ಎಲ್ಲಾ ಕಳ್ಳರದ್ದೂ ಇದೇ ರಾಗ," ಎಂದ ವೀರೇಂದ್ರ.

ಒಂದೇ ಪ್ರಶ್ನೆಯನ್ನು ಹತ್ತು ಬಗೆಯಲ್ಲಿ ಕೇಳಿದ್ದಾಯಿತು. ಉತ್ತರ ಬದಲಾಗಲಿಲ್ಲ. 2.20ಕ್ಕೆ ದಾಕ್ಷಾಯಣಿ ನೋಟಿಸನ್ನು ಮುಂದೆ ತಳ್ಳಿದಳು. "ಇದಕ್ಕೆ ರುಜು ಹಾಕಿ ಮನೆಗೆ ಹೋಗಿ. ನಾಳೆ ಕರೆದಾಗ ಬರ್ಬೇಕು."

ಲಕ್ಷ್ಮೀಕಾಂತರು ಪೆನ್ನು ತೆಗೆದುಕೊಂಡರು. ಗೋಡೆ ಗಡಿಯಾರ ನೋಡಿದರು. ಪೆನ್ನನ್ನು ಮೇಜಿನ ಮೇಲಿಟ್ಟರು.

"ಮೂರಾಗಲಿ."

"ಯಾಕೆ?"

"ಗುರುವಾರ ಒಂದೂವರೆಯಿಂದ ಮೂರು ರಾಹುಕಾಲ."

ವೀರೇಂದ್ರ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಮಾರಾಯ್ರೇ, ಹೊರಗೆ ನಿಮ್ಮನ್ನ ಹೊಡಿಯಕ್ಕೆ ಜನ ಕಾಯ್ತಿದಾರೆ, ಒಳಗೆ ನೀವು ಪಂಚಾಂಗ ನೋಡ್ತಿದೀರ!"

"ಮೂವತ್ತು ವರ್ಷದಿಂದ ಹಂಗೇ ಬಂದಿದೀನಿ," ಎಂದು ಅವರು ಕೈ ಕಟ್ಟಿಕೊಂಡು ಕೂತರು. ಊದಿದ ಕೆನ್ನೆ, ಒಂದು ಗಾಜು ಒಡೆದ ಕನ್ನಡಕ. ಬಿಡುಗಡೆಯ ಕಾಗದ ಎದುರಿಗಿದ್ದರೂ ನಲವತ್ತು ನಿಮಿಷ ಅಲುಗಲಿಲ್ಲ.

ದಾಕ್ಷಾಯಣಿಗೆ ನಗು ಬರಲಿಲ್ಲ. ಮನುಷ್ಯ ತಾನು ಬಿಡಿಸಿಕೊಳ್ಳುವ ಕಾಗದಕ್ಕೇ ಈ ಹೊತ್ತಿನಲ್ಲಿ ರುಜು ಹಾಕುತ್ತಿಲ್ಲ. ಹೋದ ವಾರ ಇದೇ ಗುರುವಾರ, ಇದೇ ಹೊತ್ತಿನಲ್ಲಿ, ಪರರ ಬಿಲ್ಲಿಗೆ ಒತ್ತಿದನೇ?

ಅವಳು ಸಾಫ್ಟ್‌ವೇರ್ ಕಂಪನಿಯ ಆನಂದನಿಗೆ ಫೋನ್ ಮಾಡಿದಳು. "ಲಕ್ಷ್ಮೀಕಾಂತರ ಹೆಸರಲ್ಲಿ ಎರಡು ವರ್ಷದಲ್ಲಿ ಬಿದ್ದ ಒಪ್ಪಿಗೆಗಳೆಲ್ಲ ಬೇಕು, ಸಮಯದ ಸಮೇತ. ಯಾವ ಕಂಪ್ಯೂಟರಿಂದ ಅಂತಾನೂ."

ಸಂಜೆ 4.30ಕ್ಕೆ ಪಟ್ಟಿ ಬಂತು. ಸಾವಿರದ ನೂರಕ್ಕೂ ಹೆಚ್ಚು ಸಾಲು. ವೀರೇಂದ್ರನನ್ನೇ ಪಕ್ಕದಲ್ಲಿ ಕೂರಿಸಿ ಪಂಚಾಂಗ ಹಿಡಿಸಿದಳು. ಮಂಗಳವಾರ ಮೂರರಿಂದ ನಾಲ್ಕೂವರೆ ಖಾಲಿ. ಬುಧವಾರ ಹನ್ನೆರಡರಿಂದ ಒಂದೂವರೆ ಖಾಲಿ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಖಾಲಿ. ಎರಡು ವರ್ಷದ ರಾಹುಕಾಲಗಳಲ್ಲಿ ಬಿದ್ದಿದ್ದ ಗುರುತು ಒಂದೇ ಒಂದು. ಜನವರಿ 9, ಗುರುವಾರ, 2.10. ಕಂಪ್ಯೂಟರ್, ಕಚೇರಿಯ ಸಭಾಂಗಣದ್ದು.

"ಇದು ಕೋರ್ಟಲ್ಲಿ ನಿಲ್ಲಲ್ಲ ಮೇಡಂ," ಎಂದ ವೀರೇಂದ್ರ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ನಿಲ್ಲೋದನ್ನ ಹುಡುಕೋಣ. ಅವತ್ತು ಸಭಾಂಗಣದಲ್ಲಿ ಏನಿತ್ತು?"

ಅದನ್ನು ಹುಡುಕಲು ಕಷ್ಟಪಡಬೇಕಾಗಲಿಲ್ಲ. ಟ್ರಸ್ಟಿನವರೇ ಹೆಮ್ಮೆಯಿಂದ ಫೇಸ್‌ಬುಕ್ಕಿಗೆ ಹಾಕಿದ್ದ ವಿಡಿಯೋ. ಟ್ರಸ್ಟಿನ ಅಧ್ಯಕ್ಷ ಚಂದ್ರಶೇಖರಪ್ಪ, ಸದಸ್ಯರು, ಎದುರಿಗೆ ದೊಡ್ಡ ಪರದೆ. ಗೋಡೆಯ ಗಡಿಯಾರದಲ್ಲಿ ಎರಡು ಹತ್ತು. ಕಂಪ್ಯೂಟರ್ ಮುಂದೆ ಪ್ರಿಯದರ್ಶಿನಿ. ಅವಳ ಬೆರಳು ಒತ್ತುತ್ತದೆ, ಪರದೆಯಲ್ಲಿ ಹಸಿರು ಮೂಡುತ್ತದೆ, ಹಣ ಹೋದ ಸಂದೇಶ ಬರುತ್ತದೆ. ಹನ್ನೊಂದು ಸೆಕೆಂಡು ಚಪ್ಪಾಳೆ. ಕೋಣೆಯಲ್ಲಿ ಲಕ್ಷ್ಮೀಕಾಂತರು ಎಲ್ಲೂ ಇಲ್ಲ.

ಗುತ್ತಿಗೆದಾರ ಮೂರ್ತಪ್ಪ ಸಂಜೆ 6ಕ್ಕೆ ಹೇಳಿಕೆ ಕೊಟ್ಟ. "ದುಡ್ಡು ಬಂತು ಮೇಡಂ. ಅವತ್ತೇ ಸಂಜೆ ಪ್ರಿಯದರ್ಶಿನಿ ಮೇಡಂಗೆ ಫೋನ್ ಮಾಡಿ ಹಬ್ಬ ಮುಗಿಸ್ಕೊಂಡು ಫಿಲ್ಟರ್ ಹಾಕ್ತೀನಿ ಅಂದೆ. ಆಯ್ತು, ಪರವಾಗಿಲ್ಲ ಅಂದ್ರು."

ಪ್ರಿಯದರ್ಶಿನಿಯ ಫೋನ್ ಕರೆಗಳ ಪಟ್ಟಿಯಲ್ಲಿ ಆ ಕರೆ ಇತ್ತು. ಅದರ ಕೆಳಗೆ ಇನ್ನೊಂದು. ಜನವರಿ 10, ಶುಕ್ರವಾರ, ಸಂಜೆ 6.12. ಜಯಾ ಟೀಚರ್ ಫೋನಿನಿಂದ ಪ್ರಿಯದರ್ಶಿನಿಗೆ, ನಲವತ್ತೆಂಟು ಸೆಕೆಂಡು. ಅದರಲ್ಲಿ ಏನು ಮಾತಾಯಿತೆಂದು ಹೇಳಲು ಒಬ್ಬಳು ಸತ್ತಿದ್ದಳು, ಇನ್ನೊಬ್ಬಳು ಹೇಳುವವಳಲ್ಲ.

ಜನವರಿ 17, ಶುಕ್ರವಾರ. ಹೆಂಗಸನ್ನು ಸೂರ್ಯ ಹುಟ್ಟುವ ಮೊದಲು ಬಂಧಿಸುವಂತಿಲ್ಲವೆಂದು ದಾಕ್ಷಾಯಣಿ ಗೋಪಾಳದಲ್ಲಿ ಪ್ರಿಯದರ್ಶಿನಿಯ ಮನೆಯ ಎದುರು ಜೀಪಿನಲ್ಲೇ ಕಾದಳು. 7.10ಕ್ಕೆ ಬಾಗಿಲು ಬಡಿದಳು. ಪ್ರಿಯದರ್ಶಿನಿ ಮಗಳಿಗೆ ಜಡೆ ಹಾಕುತ್ತಿದ್ದಳು, ಬಾಯಲ್ಲಿ ಟೇಪು ಕಚ್ಚಿಕೊಂಡೇ ಬಂದಳು. ವಿಡಿಯೋ ತೋರಿಸಿದಾಗ ಟೇಪು ಕೆಳಗೆ ಬಿತ್ತು.

"ಲಕ್ಷ್ಮೀಕಾಂತರ ಹೆಸರಲ್ಲಿ ಯಾಕೆ?"

"ಅವರು ಒಪ್ತಿರ್ಲಿಲ್ಲ. ನಿಜವಾದ ಒಂದು ಪೇಮೆಂಟ್ ಹೋಗೋದನ್ನ ತೋರಿಸ್ಬೇಕಿತ್ತು. ಬಾಕಿ ಇದ್ದಿದ್ದು ಅದೊಂದೇ."

"ಫಿಲ್ಟರ್ ಹಾಕಿಲ್ಲ ಅಂತ ಗೊತ್ತಿತ್ತು."

"ಗಣೇಶ ನೋಡ್ಕೋತಾನೆ ಅಂದ್ಕೊಂಡೆ."

"ಆಮೇಲೆ ದೂರನ್ನೂ ನೀವೇ ಕೊಟ್ರಿ."

ಪ್ರಿಯದರ್ಶಿನಿ ಬಗ್ಗಿ ಟೇಪು ಎತ್ತಿಕೊಂಡಳು. ಗುತ್ತಿಗೆದಾರನಿಗೆ ಹೋದ ಹಣದಲ್ಲಿ ಅವಳು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ಎರಡು ವರ್ಷ ಆ ಜೋಡಣೆಗಾಗಿ ಹೆಣಗಿದ್ದಳು. ಪ್ರತಿ ಸಭೆಯಲ್ಲೂ ಚಂದ್ರಶೇಖರಪ್ಪ "ಏನಮ್ಮಾ, ಇನ್ನೂ ಫೈಲ್ ಹೊತ್ಕೊಂಡು ಮೆಟ್ಟಿಲು ಹತ್ತೋದೇನಾ?" ಎನ್ನುತ್ತಿದ್ದರು, ಉಳಿದವರು ನಗುತ್ತಿದ್ದರು. ಆ ನಗು ಒಂದು ಸಲ ಚಪ್ಪಾಳೆಯಾಗಬೇಕಿತ್ತು. ಆಯಿತು, ಹನ್ನೊಂದು ಸೆಕೆಂಡು.

ಬಂಧನದ ಪತ್ರಕ್ಕೆ ರುಜು ಹಾಕಿಸಿಕೊಂಡರು. ಒಂದು ಜಡೆ ಹೆಣೆದು ಇನ್ನೊಂದು ಬಿಚ್ಚಿಯೇ ಇದ್ದ ಶ್ರೀಗೌರಿ ಒಳಗೆ ಹೋಗಿ ಎಳ್ಳುಬೆಲ್ಲದ ಪೊಟ್ಟಣ ತಂದು ದಾಕ್ಷಾಯಣಿಯ ಕೈಗಿಟ್ಟಳು. ಕೊಬ್ಬರಿ ಮುಗ್ಗಿತ್ತು. ಆಮೇಲೆ ತಾಯಿಯ ಕಡೆ ತಿರುಗಿದಳು. ಆರು ದಿನ ಮಾತಾಡದ ಗಂಟಲು ಮೊದಲು ಬರೀ ಗಾಳಿ ಹೊರಡಿಸಿತು.

"ಟೀಚರ್ ಫೋನ್ ಮಾಡ್ದಾಗ ನಾನೇ ಎತ್ತಿ ನಿಂಗೆ ಕೊಟ್ಟೆ. ನಾಳೆ ಮಷಿನ್ ಶುರುವಂತೆ, ಹೋಗ್ಲಾ ಅಂತ ಕೇಳಿದ್ರು. ಫಿಲ್ಟರ್ ಹಾಕಿಲ್ಲ ಅಂತ ನಿಂಗೆ ಆಗ್ಲೇ ಗೊತ್ತಿತ್ತಲ್ಲಮ್ಮ. ಮತ್ಯಾಕೆ 'ಹೋಗಿ ಬನ್ನಿ ಟೀಚರ್' ಅಂದೆ?"