ಕಾರಿನ ನೆತ್ತಿಯ ಬಟನ್

ಬಟನ್ ಒತ್ತಿದೆ.

ಷಟರ್ ಏಳಲಿಲ್ಲ.

ಇನ್ನೊಂದು ಸಲ ಒತ್ತಿದೆ. ತಲೆಯ ಮೇಲೆ ನೀಲಿ ದೀಪ ಮಿನುಗಿತು... ಮಧ್ಯಾಹ್ನ ನಾನೇ ಕೂರಿಸಿದ ದೀಪ. ಗ್ಯಾರೇಜಿನ ಷಟರ್ ಮಾತ್ರ ಗೋಡೆಯ ಹಾಗೆ ನಿಂತಿತ್ತು.

ಹಿಂದೆ ಆನೆ.

ಸಾಧಾರಣ ಆನೆಯಲ್ಲ. ಎರಡು ಟೀ ಸೊಪ್ಪಿನ ಲಾರಿ ಒಂದರ ಮೇಲೊಂದು ಪೇರಿಸಿದರೆ ಎಷ್ಟು ಎತ್ತರವೋ ಅಷ್ಟು. ದಂತ ಒಂದೊಂದೂ ಕರೆಂಟ್ ಕಂಬದಷ್ಟು. ನಾನು ಸುಳ್ಳು ಹೇಳುವವನಲ್ಲ. ಹೇಳಿದರೂ ಅಳತೆ ತಪ್ಪಿ ಹೇಳುವವನಲ್ಲ.

"ಮಣಿಯಣ್ಣ, ಇದು ಆಗಲ್ಲವಾ?" ಸ್ಟಿಯರಿಂಗ್ ಹಿಡಿದಿದ್ದ ತೇನ್ಮೊಳಿ ಕೇಳಿದಳು.

"ಆಗುತ್ತೆ ಅಮ್ಮಾ. ರಾಜಾಮಣಿ ಹಾಕಿದ್ದು ಆಗದೆ ಇರಲ್ಲ."

"ಆಗ್ತಾ ಇಲ್ಲ."

"ಅದು ಬೇರೆ ವಿಷಯ."

ರೇಷನ್ ಅಂಗಡಿಯಲ್ಲಿ ಸಕ್ಕರೆ ಬಂತಾ ಅಂತ ಕೇಳುವ ದನಿ ಅವಳದು. ಅದರಲ್ಲಿ ಹೆದರಿಕೆ ಇರಲಿಲ್ಲ. ಏನೂ ಇರಲಿಲ್ಲ. ಗಂಡ ಹೋದಾಗಿನಿಂದ ಹಾಗೇ ಅಂತೆ.

ನನ್ನದೂ ಅದೇ ಕತೆ. ಹೆದರಿಕೆ ಬರಬೇಕಾದ ಜಾಗಕ್ಕೆ ಜೋಮು ಹಿಡಿದಿತ್ತು. ಎಡಕ್ಕೆ ಕಡಿದ ಗುಡ್ಡ. ಬಲಕ್ಕೆ ಟೀ ಗಿಡದ ಇಳಿಜಾರು. ಮುಂದೆ ಷಟರ್. ಹಿಂದೆ ಲಾರಿ ಮೇಲೆ ಲಾರಿ. ಲೆಕ್ಕ ಹಾಕಿದೆ. ಲೆಕ್ಕ ಮುಗಿಯಿತು. ಎದೆ ಒಂದು ಬಡಿತವನ್ನೂ ಜಾಸ್ತಿ ಹೊಡೆಯಲಿಲ್ಲ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಪಂದಲೂರು ಬಸ್ ಸ್ಟಾಂಡ್ ಪಕ್ಕ ಕಾರ್ ಎಲೆಕ್ಟ್ರಿಕಲ್ ಅಂಗಡಿ. ಅದು ಬೋರ್ಡಿಗೆ. ಕದ್ದ ಗಾಡಿ ಹುಡುಕುವುದು, ಬೀಗ ಬಿದ್ದ ಗಾಡಿ ತೆರೆಯುವುದು, ಯಾರ ಗಾಡಿ ಯಾರ ಮನೆ ಮುಂದೆ ಎಷ್ಟು ಹೊತ್ತು ನಿಂತಿತ್ತು ಅಂತ ಹೇಳುವುದು... ಅದು ಬೋರ್ಡಿನ ಹಿಂದಿನ ಕೆಲಸ. ನೀಲಗಿರಿಯಲ್ಲಿ ನಾನು ಬಿಚ್ಚದ ಕಾರಿಲ್ಲ. ಕಂಪನಿಯವರೇ ಅನುಮಾನ ಬಂದರೆ ನನ್ನನ್ನು ಕೇಳುತ್ತಾರೆ. ಜಪಾನಿನಿಂದ ಒಂದು ಸಲ ಫೋನ್ ಬಂದಿತ್ತು. ಭಾಷೆ ಗೊತ್ತಾಗದೆ ಇಟ್ಟುಬಿಟ್ಟೆ.

ತೇನ್ಮೊಳಿ ನಮ್ಮ ತುಮ್ಮನಟ್ಟಿ ಹೆಣ್ಣು. ಮದುವೆಯಾಗಿ ಚೇರಂಬಾಡಿಗೆ ಬಂದವಳು. ಗಂಡ ಚಂದ್ರನ್. ಸ್ವಂತ ಟೀ ತೋಟ. ಮೇಲೆ ಮನೆ, ಕೆಳಗೆ ಕಾರಿನ ಗ್ಯಾರೇಜ್, ಒಳಗಿನಿಂದಲೇ ಮೆಟ್ಟಿಲು. ಈ ಕಡೆ ಸಂಜೆಯಾದ ಮೇಲೆ ಯಾರೂ ಅಂಗಳದಲ್ಲಿ ಕಾರಿಂದ ಇಳಿಯುವುದಿಲ್ಲ. ದೂರದಿಂದಲೇ ರಿಮೋಟ್ ಒತ್ತಬೇಕು, ನೇರ ಒಳಗೆ ನುಗ್ಗಬೇಕು, ಹಿಂದೆ ಷಟರ್ ಬೀಳಬೇಕು. ಕೆಳಗಿಳಿದು ಬಾಗಿಲು ತೆರೆಯುವ ಚಾಳಿಯನ್ನು ಆನೆಗಳು ಬಿಡಿಸಿವೆ.

ಹೋದ ಹಲಸಿನ ಕಾಲದಲ್ಲಿ ಒಂದು ಸಂಜೆ ಚಂದ್ರನ್ ಇಳಿದ. ರಿಮೋಟ್ ಆಡಲಿಲ್ಲವಂತೆ. ಷಟರಿನ ಹಿಡಿಗೆ ಕೈ ಹಾಕಿದ. ಅಷ್ಟೇ.

ರಿಮೋಟಿನ ಬ್ಯಾಟರಿ ಸತ್ತಿತ್ತು ಅಂದ ಅದೇ ಮನೆಯಲ್ಲಿರುವ ಅವನ ತಮ್ಮ ಸೆಂಥಿಲ್. ಊರೂ ಅದನ್ನೇ ಅಂದಿತು.

ಈ ಹಲಸಿನ ಕಾಲ ಶುರುವಾಗುವಾಗ ತೇನ್ಮೊಳಿ ಅಂಗಡಿಗೆ ಬಂದಳು. ಕಾರಿನ ಕೀ ನನ್ನ ಟೇಬಲ್ ಮೇಲಿಟ್ಟಳು.

"ಬ್ಯಾಟರಿ ಸಾಯದ ಹಾಗೆ ಮಾಡಿ ಕೊಡಿ ಮಣಿಯಣ್ಣ. ಬಟನ್ನು ಕಾರಿಗೇ ಸೇರಿಕೊಂಡಿರಲಿ."

ಮಾಡಿಕೊಟ್ಟೆ. ಮುಂದಿನ ಕನ್ನಡಿಯ ಮೇಲೆ, ಸೂರಿನಲ್ಲಿ, ಲೈಟು ಇರುತ್ತಲ್ಲ, ಕನ್ನಡಕ ಇಡುವ ಡಬ್ಬಿ ಇರುತ್ತಲ್ಲ... ಅದು ಓವರ್‌ಹೆಡ್ ಕನ್ಸೋಲ್. ಬೇರೆಯವರು ಕಿತ್ತರೆ ಕ್ಲಿಪ್ ಮುರಿಯುತ್ತದೆ. ನಾನು ಬಾಳೆಹಣ್ಣು ಸುಲಿದ ಹಾಗೆ ಇಳಿಸಿದೆ. ಲೈಟಿನ ವೈರಿನಿಂದ ಕರೆಂಟ್ ಎಳೆದೆ, ನಡುವೆ ಫ್ಯೂಸ್ ಕೊಟ್ಟೆ, ರಿಮೋಟಿನ ಕೆಲಸ ಮಾಡುವ ಮಾಡ್ಯೂಲನ್ನು ಸೂರಿನೊಳಗೆ ಬಿಗಿದೆ. ಲೈಟಿನ ಪಕ್ಕದ ಖಾಲಿ ಮುಚ್ಚಳ ಕೊರೆದು ಬಟನ್ ಕೂರಿಸಿದೆ. ಕಾರು ಹುಟ್ಟುವಾಗಲೇ ಆ ಬಟನ್ ಇತ್ತು ಅನ್ನಬೇಕು, ಹಾಗೆ.

ಮಿಕ್ಕಿದ್ದು ಮನೆಯಲ್ಲಿ. ಗ್ಯಾರೇಜಿನ ಮೋಟಾರಿಗೆ ಈ ಬಟನ್ ಯಾರದು ಅಂತ ಪರಿಚಯ ಮಾಡಿಸಬೇಕು. ಸ್ಟೂಲ್ ಹತ್ತಿದೆ. ಸೆಂಥಿಲ್ ಎಡಗೈಯಲ್ಲಿ ಚಾಯ ಗ್ಲಾಸ್ ಹಿಡಿದು ನೋಡುತ್ತಾ ನಿಂತಿದ್ದ. ನೋಡುವವರಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

"ನೋಡು ಸೆಂಥಿಲ್, ಈ ಕೆಂಪು ಬಟನ್ ಒಂದು ಸಲ ಒತ್ತಿದ್ರೆ ಮೋಟಾರ್ ಕಿವಿ ತೆರೆಯುತ್ತೆ. ಆಗ ಕಾರಿನ ಬಟನ್ ಒತ್ತಿದ್ರೆ ಕಲೀತು. ಅದೇ ಕೆಂಪು ಬಟನ್ನು ಬಿಡದೆ ಒತ್ತಿ ಹಿಡಿದ್ರೆ..."

"ಲೈಟ್ ಆರುತ್ತೆ," ಅಂದ ಅವನು. "ಎಲ್ಲಾ ಮರೆತುಬಿಡುತ್ತೆ."

"ಅರೆ, ನಿನಗೆ ಹೇಗೆ ಗೊತ್ತು?"

"ಯೂಟ್ಯೂಬ್ ಅಣ್ಣೇ."

ನಕ್ಕೆ. ಅವನೂ ನಕ್ಕ. ಷಟರ್ ಹತ್ತಿತು, ಇಳಿಯಿತು. ಎಲ್ಲಾ ಚೊಕ್ಕ.

ಆದರೆ ತೇನ್ಮೊಳಿಗೆ ಸಂಜೆ ಹೊತ್ತಿನಲ್ಲಿ ನೋಡಬೇಕಿತ್ತು. "ಬೆಳಕಲ್ಲಿ ಆ ರಿಮೋಟೂ ಆಡ್ತಿತ್ತು," ಅಂದಳು. ಸರಿ ಅಂತ ಚೇರಂಬಾಡಿ ಪೇಟೆಗೆ ಹೋಗಿ ಚಾಯ ಕುಡಿದು ವಾಪಸ್ ಬಂದೆವು. ಮಂಜು ಇಳಿಯುತ್ತಿತ್ತು. ಅಂಗಳಕ್ಕೆ ತಿರುಗುವಾಗಲೇ ಮೂಗಿಗೆ ಬಡಿಯಿತು.

ಹಣ್ಣಾದ ಹಲಸು.

ನಮ್ಮ ಕಡೆ ಮನೆ ಹತ್ತಿರ ಹಲಸು ಹಣ್ಣಾಗಲು ಬಿಡುವುದಿಲ್ಲ. ಎಳೆಯದರಲ್ಲೇ ಕಡಿದು ಹೂಳುತ್ತೇವೆ. ಆ ವಾಸನೆಗೆ ಆನೆ ಕೇರಳದಿಂದ ಎದ್ದು ಬರುತ್ತದೆ. ಮನೆ ಮುಂದೆ ಹಣ್ಣು ಒಡೆದು ಹಾಕುವುದೂ ಆನೆಗೆ ಕಾಗದ ಬರೆದು ಕರೆಯುವುದೂ ಒಂದೇ. ಮಧ್ಯಾಹ್ನ ಆ ವಾಸನೆ ಇರಲಿಲ್ಲ.

ಅಷ್ಟರಲ್ಲಿ ಹಿಂದೆ ಕೊಂಬೆ ಮುರಿಯಿತು. ಉಳಿದದ್ದು ನಿಮಗೆ ಗೊತ್ತು.

"ಅವರ ರಿಮೋಟ್ ಇದೆ," ಅಂದಳು ತೇನ್ಮೊಳಿ.

"ಯಾರದು?"

"ಅವರದು. ಆಸ್ಪತ್ರೇಲಿ ಶರ್ಟಿನ ಜೊತೆ ಕೊಟ್ಟರು. ಮುಟ್ಟಿರಲಿಲ್ಲ."

ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದಳು. ಕವರಿನ ಮೇಲಿಂದಲೇ ಒತ್ತಿದಳು.

ರಿಮೋಟಿನ ತುದಿಯಲ್ಲಿ ಕೆಂಪು ದೀಪ ಹತ್ತಿತು. ಕೆಂಡದ ಹಾಗೆ.

ಷಟರ್ ಏಳಲಿಲ್ಲ.

ಇಬ್ಬರೂ ಆ ದೀಪ ನೋಡಿದೆವು. ಬ್ಯಾಟರಿ ಅವತ್ತೂ ಸತ್ತಿರಲಿಲ್ಲ. ಇವತ್ತೂ ಸತ್ತಿಲ್ಲ. ಸತ್ತವನು ಚಂದ್ರನ್ ಒಬ್ಬನೇ.

"ಮೋಟಾರ್ ಮರೆತಿದೆ," ಅಂದೆ. "ಅವತ್ತಿನ ಹಾಗೆ. ಯಾರೋ ಕೆಂಪು ಬಟನ್ ಒತ್ತಿ ಹಿಡಿದಿದ್ದಾರೆ. ಅದು ಒಳಗಿಂದ ಮಾತ್ರ ಆಗೋದು."

"ಒಳಗೆ ಸೆಂಥಿಲ್ ಒಬ್ಬನೇ ಇದ್ದ."

"ಹೂಂ."

"ಅವತ್ತೂ."

"ಹೂಂ ಅಮ್ಮಾ."

ತೋಟ ಅಣ್ಣನ ಹೆಸರಲ್ಲಿತ್ತು, ಈಗ ಅತ್ತಿಗೆಯ ಹೆಸರಲ್ಲಿದೆ. ಇದಕ್ಕಿಂತ ಜಾಸ್ತಿ ಕಾರಣ ನಮ್ಮ ಬೆಟ್ಟದಲ್ಲಿ ಯಾರಿಗೂ ಬೇಕಾಗಿಲ್ಲ. ಅವಳು ಅಳಲಿಲ್ಲ. ರಿಮೋಟನ್ನು ಮಡಿಲಲ್ಲಿಟ್ಟುಕೊಂಡಳು.

ಹಿಂದಿನ ಗಾಜು ಒಡೆಯಿತು. ಸೊಂಡಿಲು ಒಳಗೆ ಬಂತು. ಸೀಟು ಮೂಸಿತು, ನನ್ನ ಕುತ್ತಿಗೆ ಮೂಸಿತು. ಬಿಸಿ ಉಸಿರು, ಹುಳಿ ವಾಸನೆ. ಹುಲಿಯ ಬಾಯಿಗೆ ತಲೆ ಕೊಟ್ಟು ಪಳಗಿದವನು ನಾನು... ಅಲ್ಲಾಡಲಿಲ್ಲ ಅನ್ನಿ. ಸೊಂಡಿಲು ಹೊರಗೆ ಹೋಯಿತು. ಹಣ್ಣಿನ ವಾಸನೆ ಮನುಷ್ಯನ ವಾಸನೆಗಿಂತ ಒಳ್ಳೆಯದಾಗಿ ಕಂಡಿರಬೇಕು. ಮನೆಯ ಪಕ್ಕದ ಮೂಲೆಗೆ, ಮಂಜಿನೊಳಗೆ, ಆನೆ ಕರಗಿತು. ಅಗಿಯುವ ಸದ್ದು ಮಾತ್ರ ಉಳಿಯಿತು.

"ಫೋನ್ ಹಾಕಿ," ಅಂದೆ. "ಸ್ಪೀಕರಲ್ಲಿ."

ಸೆಂಥಿಲ್ ಎತ್ತಿದ.

"ಸೆಂಥಿಲ್, ಷಟರ್ ತೆರಿ. ಆನೆ ಬಂದಿದೆ."

"ಅಯ್ಯೋ ಅತ್ತಿಗೆ, ನಾನು ಗೂಡಲೂರಲ್ಲಿದ್ದೀನಿ. ಬ್ಯಾಟರಿ ಹೋಗಿರಬೇಕು. ಇಳಿದು ಕೈಯಲ್ಲಿ ಎತ್ತಿ. ಕೆಳಗಡೆ ಹಿಡಿ ಇದೆ."

ಫೋನಿನೊಳಗೆ ನಾಯಿ ಬೊಗಳಿತು. ಅದೇ ನಾಯಿ ಮಹಡಿಯ ಮೇಲೂ ಬೊಗಳಿತು.

ಫೋನ್ ಇಸಿದುಕೊಂಡೆ.

"ಸೆಂಥಿಲ್, ನಾನು ರಾಜಾಮಣಿ. ಗೂಡಲೂರಲ್ಲಿ ನಿಮ್ಮ ನಾಯಿ ಸೌಖ್ಯವಾ?"

ಮಹಡಿಯ ಕಿಟಕಿ ಟಪ್ ಅಂತ ಮುಚ್ಚಿಕೊಂಡಿತು.

"ಮಧ್ಯಾಹ್ನ ನಾನು ಬರೀ ಬಟನ್ ಹಾಕಿ ಹೋದೆ ಅಂದ್ಕೊಂಡ್ಯಾ? ಮೋಟಾರ್ ಪಕ್ಕ ಸಾಸಿವೆ ಕಾಳಿನಷ್ಟು ಕ್ಯಾಮೆರಾ ಇದೆ. ನೀನು ಸ್ಟೂಲ್ ಹತ್ತಿದ್ದು, ಒತ್ತಿ ಹಿಡಿದದ್ದು, ಎಲ್ಲಾ ಈ ಕನ್ಸೋಲಿಗೆ ಬಂದು ಕೂತಿದೆ."

"ಸುಳ್ಳು."

"ಎಡಗೈಯಲ್ಲಿ ಒತ್ತಿದೆ ನೀನು."

ಮೇಲೆ ಕುರ್ಚಿ ಸರಿದ ಸದ್ದು.

"ನಾವು ಇಲ್ಲಿ ಸತ್ತರೆ ಪೊಲೀಸರು ಕಾರು ಬಿಚ್ಚುತ್ತಾರೆ. ಬದುಕಿದ್ರೆ ನಾನು ಬಿಚ್ಚಿ ನಿನ್ನ ಕೈಗೆ ಕೊಡ್ತೀನಿ. ಯಾವುದು ಬೇಕು ಯೋಚನೆ ಮಾಡು. ಬೇಗ ಮಾಡು. ಹಣ್ಣು ಮುಗೀತಾ ಬಂತು."

ಕ್ಯಾಮೆರಾ ಗೀಮೆರಾ ಏನೂ ಇರಲಿಲ್ಲ. ಬಾಯಿ ಒಂದಿತ್ತು.

ಮೆಟ್ಟಿಲ ಮೇಲೆ ಕಾಲಿನ ಸದ್ದು. ಒಳಗೆ ಗೋಡೆಯ ಸ್ವಿಚ್ ಟಕ್ ಅಂದಿತು. ಷಟರ್ ನರಳುತ್ತಾ ಎದ್ದಿತು. ತೇನ್ಮೊಳಿ ಕಾರನ್ನು ಒಳಗೆ ತೂರಿಸಿದಳು. ಎರಡೂ ಕಡೆಯ ಕನ್ನಡಿ ಹಾರಿಹೋದವು. ಇಂಜಿನ್ ಆಫ್ ಮಾಡುವ ಮೊದಲೇ ನನ್ನ ಬಾಗಿಲು ತೆರೆಯಿತು. ಗಂಟಲಿಗೆ ತಣ್ಣಗೆ ಏನೋ ತಾಗಿತು. ಟೀ ಗಿಡ ಸವರುವ ಕತ್ತಿ.

"ತೆಗಿ," ಅಂದ ಸೆಂಥಿಲ್.

"ಮೊದಲು ಷಟರ್ ಮುಚ್ಚು."

"ತೆಗಿ ಅಂದೆ."

ಕನ್ಸೋಲಿಗೆ ಉಗುರು ಹಾಕಿ ಎಳೆದೆ. ಎರಡೂ ಕ್ಲಿಪ್ ಮುರಿದವು. ನನ್ನ ಜೀವಮಾನದಲ್ಲಿ ಮೊದಲ ಸಲ... ಕತ್ತಿಗಿಂತ ಅದು ಚುಚ್ಚಿತು. ಮಾಡ್ಯೂಲ್ ವೈರಿನಲ್ಲಿ ಜೋತುಬಿತ್ತು. ನಾನು ಅದನ್ನು ಮುಟ್ಟಲಿಲ್ಲ. ಕನ್ನಡಕದ ಡಬ್ಬಿ ಕಿತ್ತೆ.

"ಇದರೊಳಗಿದೆ ನಿನ್ನ ಸಿನಿಮಾ."

ಅವನು ಎಡಗೈ ಚಾಚಿದ. ನಾನು ಬೀಸಿ ಒಗೆದೆ. ಡಬ್ಬಿ ಷಟರಿನ ಆಚೆ, ಅಂಗಳದ ಮಂಜಿನಲ್ಲಿ, ಟಪಟಪ ಅಂತ ಉರುಳಿ ನಿಂತಿತು.

ಸೆಂಥಿಲ್ ನನ್ನನ್ನು ನೋಡಿದ. ಮಂಜನ್ನು ನೋಡಿದ. ಆನೆ ಕಾಣಲಿಲ್ಲ. ಸದ್ದೂ ಇರಲಿಲ್ಲ. ಬುದ್ಧಿ ಇದ್ದವನು ಸದ್ದು ಯಾಕಿಲ್ಲ ಅಂತ ಕೇಳಿಕೊಳ್ಳುತ್ತಿದ್ದ.

ಓಡಿದ.

ನಾನು ಚಿರತೆಯ ಹಾಗೆ ಹಾರಿದೆ. ಸೊಂಟ ಹಿಡಿಯಿತು, ಆದರೂ ಹಾರಿದೆ. ಗೋಡೆಯ ಸ್ವಿಚ್ ಒತ್ತಿದೆ. ಷಟರ್ ಇಳಿದು ನೆಲ ಕಚ್ಚಿತು.

ಒಂದು ಕ್ಷಣ ಏನೂ ಇಲ್ಲ.

ಆಮೇಲೆ ತಗಡಿನ ಮೇಲೆ ಎರಡು ಅಂಗೈ ಬಡಿದವು.

"ಅತ್ತಿಗೆ... ಅತ್ತಿಗೆ, ತೆರೀರಿ. ಮೂಲೇಲಿ ನಿಂತಿದೆ. ನನ್ನನ್ನೇ ನೋಡ್ತಾ ಇದೆ."

ತೇನ್ಮೊಳಿ ಕಾರಿನಿಂದ ಇಳಿದಿರಲಿಲ್ಲ. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಷಟರ್ ನೋಡುತ್ತಿದ್ದಳು.

ಗೋಡೆಯ ಸ್ವಿಚ್ಚು ನನ್ನ ಬೆರಳಿನ ಕೆಳಗೇ ಇತ್ತು. ಒತ್ತಬಹುದಿತ್ತು. ಒತ್ತಲಿಲ್ಲ. ಬಾಗಿಲು ನನ್ನದಲ್ಲ. ಚಂದ್ರನ್ನೂ ನನ್ನವನಲ್ಲ.

ಸ್ಟೂಲ್ ಹತ್ತಿದೆ. ಮೋಟಾರಿನ ಕೆಂಪು ಬಟನ್ ಒಂದು ಸಲ ಒತ್ತಿದೆ. ಪಕ್ಕದಲ್ಲಿ ಪುಟ್ಟ ದೀಪ ಹತ್ತಿತು.

"ಅಮ್ಮಾ, ಮೋಟಾರ್ ಈಗ ಕೇಳಿಸ್ಕೊಳ್ತಾ ಇದೆ. ನಿಮ್ಮ ಬಟನ್ ಒತ್ತಿದ್ರೆ ಕಲೀತದೆ, ಮತ್ತೊಂದು ಸಲ ಒತ್ತಿದ್ರೆ ತೆರೀತದೆ. ಮೂವತ್ತು ಸೆಕೆಂಡ್ ಟೈಮ್. ಅಷ್ಟರಲ್ಲಿ ಒತ್ತದೆ ಇದ್ರೆ ದೀಪ ಆರುತ್ತೆ."

ಅವಳು ಕೈ ಎತ್ತಿದಳು. ಸೂರಿನಿಂದ ಜೋತುಬಿದ್ದ ಬಟನ್ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ.

"ಸೆಂಥಿಲ್," ಅಂದಳು.

"ಅತ್ತಿಗೆ, ತೆರೀರಿ..."

"ಅವತ್ತು ಅವರು ಬಡಿದ್ರಾ? ಹೀಗೇ?"

ಹೊರಗೆ ಹೆಜ್ಜೆ. ನಿಧಾನದ, ಭಾರದ ಹೆಜ್ಜೆ.

"ಬಡಿದ್ರು."

"ಕರೆದ್ರಾ?"

"ಕರೆದ್ರು ಅತ್ತಿಗೆ. ನಾನು ಮೆಟ್ಟಿಲ ಮೇಲಿದ್ದೆ. ನಾನೇ... ನಾನೇ ಅಳಿಸಿದ್ದು. ಹಣ್ಣೂ ನಾನೇ ಹಾಕಿದ್ದು. ಬೇಡ ಅತ್ತಿಗೆ. ತೋಟ ಬೇಡ. ಏನೂ ಬೇಡ."

ತೇನ್ಮೊಳಿಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಬೆರಳು ಅಲ್ಲೇ ಇತ್ತು. ನಾನು ದೀಪ ನೋಡುತ್ತಾ ನಿಂತೆ.

ತಗಡಿನ ಮೇಲೆ ಬಡಿತ ನಿಂತಿತು. ಅವನು ಈಗ ಗೀರುತ್ತಿದ್ದ.

ಟಕ್.

ಟಕ್.

ಷಟರ್ ಎದ್ದಿತು. ಮೊಣಕಾಲೆತ್ತರ ಏಳುತ್ತಿದ್ದ ಹಾಗೆ ಸೆಂಥಿಲ್ ಹಾವಿನ ಹಾಗೆ ಒಳಗೆ ಜಾರಿದ. ಅವನ ಹಿಂದೆಯೇ ಸೊಂಡಿಲು ಬಂತು. ಒಂದು ಚಪ್ಪಲಿ ಎತ್ತಿಕೊಂಡಿತು. ತೇನ್ಮೊಳಿ ಮತ್ತೆ ಒತ್ತಿದಳು. ಷಟರ್ ಇಳಿಯಿತು. ನನ್ನ ಫಿಟ್ಟಿಂಗ್... ಒಂದು ತೊದಲಿಲ್ಲ, ಒಂದು ತಡವರಿಕೆ ಇಲ್ಲ.

ಫಾರೆಸ್ಟಿನವರು ಬಂದು ಪಟಾಕಿ ಹೊಡೆದರು. ಪೊಲೀಸರೂ ಬಂದರು. ಸೆಂಥಿಲ್ ಕೇಳುವ ಮೊದಲೇ ಎಲ್ಲಾ ಹೇಳಿದ. ಆನೆಯ ಉಸಿರು ಬೆನ್ನಿಗೆ ತಾಗಿದವನಿಗೆ ವಕೀಲರ ನೆನಪು ಬರುವುದಿಲ್ಲ. ಒಂಟಿ ಚಪ್ಪಲಿಯಲ್ಲೇ ಜೀಪು ಹತ್ತಿದ.

ಇನ್‌ಸ್ಪೆಕ್ಟರಿಗೆ ನಾನು ಆನೆಯ ಜೊತೆ ಕುಸ್ತಿ ಮಾಡಿದ್ದನ್ನು ವಿವರಿಸಿದೆ. ಬರೆದುಕೊಳ್ಳಲಿಲ್ಲ.

ತೇನ್ಮೊಳಿ ಚಾಯ ತಂದುಕೊಟ್ಟಳು. ಸಕ್ಕರೆ ಹಾಕಿದ್ದಳೋ ಇಲ್ಲವೋ ನಾಲಿಗೆಗೆ ತಿಳಿಯಲಿಲ್ಲ.

"ಅಮ್ಮಾ," ಅಂದೆ, "ಒತ್ತೋಕೆ ಯಾಕೆ ಅಷ್ಟು ಹೊತ್ತು? ನಾನು ಹೇಳಿದ್ದು ಅರ್ಥ ಆಗಲಿಲ್ಲವಾ?"

"ಆಯ್ತು ಮಣಿಯಣ್ಣ. ಮೂವತ್ತು ಸೆಕೆಂಡ್ ಟೈಮ್ ಅಂದ್ರಲ್ಲ," ಅಂದಳು. "ಪೂರ್ತಿ ತಗೊಂಡೆ."